ಹೆರಿಗೆ ಕೋಣೆಯಲ್ಲಿ ಬಂದ ಜ್ವರ

ಸಂಜೆ ಐದೂವರೆಗೆ 99.6 ಇತ್ತು. ಏಳಕ್ಕೆ 100.8. ಸಿಸ್ಟರ್ ಥರ್ಮಾಮೀಟರ್ ನೋಡಿದರು, ಒರೆಸಿದರು, ಮತ್ತೆ ಇಟ್ಟು ನೋಡಿದರು. ಪಕ್ಕದಲ್ಲಿ ನಿಂತಿದ್ದ ಅಮ್ಮ "ಜ್ವರಾನಾ?" ಅಂದಳು. ಅಷ್ಟೇ ಕೇಳಿದ್ದು. ಆದರೆ ಆ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಇದು ನನ್ನ ಮೊದಲ ಹೆರಿಗೆಯ ಮಾತು. 2022ರ ಏಪ್ರಿಲ್. ನಾವಿರುವುದು ಬೆಂಗಳೂರಿನಲ್ಲಿ, ತವರು ಮೈಸೂರು. ಸೀಮಂತ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ಅಂತ ತವರಿಗೆ ಬಂದಿದ್ದೆ. ನಾನು ಕೆಲಸ ಮಾಡುವುದು ಲ್ಯಾಬ್‌ನಲ್ಲಿ, ದಿನಾ ಬೇರೆಯವರ ರಕ್ತ ಪರೀಕ್ಷೆ ಮಾಡಿ ರಿಪೋರ್ಟ್ ಕೊಡುವ ಕೆಲಸ. ಹಾಗಿದ್ದೂ ಹೆರಿಗೆ ನೋವು ಕಡಿಮೆ ಮಾಡಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಹಾಕಿಸಿಕೊಂಡರೆ ಜ್ವರ ಬರಬಹುದು ಅನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಆ ರಾತ್ರಿ ಅಷ್ಟು ಹೆದರುತ್ತಿರಲಿಲ್ಲ. ಈಗ ನನ್ನ ಗೆಳತಿಯರು ಒಬ್ಬೊಬ್ಬರಾಗಿ ಫೋನ್ ಮಾಡಿ "ಬೆನ್ನಿಗೆ ಇಂಜೆಕ್ಷನ್ ತಗೊಂಡ್ಯಲ್ಲಾ, ಹೇಗಿತ್ತು?" ಅಂತ ಕೇಳುತ್ತಾರೆ. ಅವರಿಗೆಲ್ಲ ಅರ್ಧರ್ಧ ಹೇಳುವ ಬದಲು ಪೂರ್ತಿ ಬರೆದುಬಿಡೋಣ ಅನ್ನಿಸಿತು.

ಎಪಿಡ್ಯೂರಲ್ ಬೇಕು ಅಂತ ಎಂಟನೇ ತಿಂಗಳಲ್ಲೇ ನಿರ್ಧಾರ ಮಾಡಿದ್ದೆ. ಅಮ್ಮನಿಗೆ ಇಷ್ಟ ಇರಲಿಲ್ಲ. ಬೆನ್ನಿಗೆ ಚುಚ್ಚಿಸಿಕೊಂಡರೆ ಬದುಕಿಡೀ ಸೊಂಟ ನೋವು ಅಂತ ಬೀದಿಯವರೆಲ್ಲ ಹೇಳಿದ್ದರು. ನಮ್ಮ ಡಾಕ್ಟರ್ ಅದಕ್ಕೆ ಸರಿಯಾಗಿ ಉತ್ತರ ಕೊಟ್ಟರು. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಆದರೆ ಹೆರಿಗೆ ಆದಮೇಲೆ ಸೊಂಟ ನೋವು ಎಪಿಡ್ಯೂರಲ್ ತಗೊಂಡವರಿಗೂ ಬರುತ್ತೆ, ತಗೊಳ್ಳದವರಿಗೂ ಬರುತ್ತೆ ಅಂದರು. ಇದರಿಂದ ಸಿಸೇರಿಯನ್ ಜಾಸ್ತಿ ಆಗುವುದಿಲ್ಲ ಅಂತಲೂ ಹೇಳಿದರು. ನೋವು ಕಡಿಮೆ ಮಾಡಲು ಬೇರೆ ದಾರಿಗಳೂ ಇವೆ, ಟ್ರಮಡಾಲ್ ಇಂಜೆಕ್ಷನ್ ಇದೆ, ಕೆಲವು ಕಡೆ ಮೂಗಿಗೆ ಹಿಡಿದು ಎಳೆದುಕೊಳ್ಳುವ ಗ್ಯಾಸ್ ಇದೆ, ಆದರೆ ಅವು ನೋವನ್ನು ಸ್ವಲ್ಪ ಮೊಂಡು ಮಾಡುತ್ತವೆ ಅಷ್ಟೆ. ಟ್ರಮಡಾಲ್‌ಗೆ ವಾಂತಿ, ಮಂಪರು ಬೇರೆ. ಇದನ್ನೆಲ್ಲ ಕೇಳಿ ಮನೆಗೆ ಬಂದು ಅಮ್ಮನಿಗೂ ಹೇಳಿದೆ. ಅವಳು "ನಿನ್ನ ಮೈ, ನಿನ್ನ ಇಷ್ಟ" ಅಂದಳು.

ಬೆಳಗಿನ ಜಾವ ಮೂರು ಗಂಟೆಗೆ ನೀರು ಹೋಯ್ತು. ನೋವು ಇನ್ನೂ ಶುರುವಾಗಿರಲಿಲ್ಲ. ನಾಲ್ಕೂವರೆಗೆ ಆಸ್ಪತ್ರೆ ಸೇರಿದೆವು. ಒಂಬತ್ತಕ್ಕೆ ನೋವು ಬರುವ ಡ್ರಿಪ್ ಹಾಕಿದರು. ಡ್ರಿಪ್‌ನಲ್ಲಿ ಬರುವ ನೋವು ಹತ್ತುತ್ತಾ ಹತ್ತುತ್ತಾ ಹೋಗುತ್ತೆ, ನಡುವೆ ಉಸಿರು ತಗೊಳ್ಳಲೂ ಪುರುಸೊತ್ತು ಇರುವುದಿಲ್ಲ. ಹನ್ನೆರಡೂವರೆಗೆ ಪರೀಕ್ಷೆ ಮಾಡಿ ಗರ್ಭದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿದೆ ಅಂದರು. ಆಗ ನಾನು ಮಂಚದ ಸರಳು ಹಿಡಿದು ಜೋತುಬಿದ್ದಿದ್ದೆ. ಅರಿವಳಿಕೆ ಡಾಕ್ಟರ್‌ಗೆ ಫೋನ್ ಹೋಯ್ತು.

ಅವರು ಬಂದಿದ್ದು ಒಂದು ಗಂಟೆಗೆ. ಮೊದಲು ನನ್ನ ಪ್ಲೇಟ್‌ಲೆಟ್, ಅಂದರೆ ರಕ್ತಸ್ರಾವ ನಿಲ್ಲಿಸುವ ಕಣದ ರಿಪೋರ್ಟ್ ನೋಡಿದರು. ಅದು ಕಡಿಮೆ ಇದ್ದರೆ ಬೆನ್ನಿಗೆ ಸೂಜಿ ಹಾಕುವುದಿಲ್ಲ, ಒಳಗೆ ರಕ್ತ ಸೋರಿ ಶೇಖರವಾಗಿ ನರ ಒತ್ತಬಹುದು. ಆಮೇಲೆ ಒಪ್ಪಿಗೆ ಪತ್ರ. ಬಿಪಿ ಇಳಿಯಬಹುದು, ತುರಿಕೆ ಬರಬಹುದು, ಸುಮಾರು ನೂರರಲ್ಲಿ ಒಬ್ಬರಿಗೆ ಆಮೇಲೆ ಜೋರು ತಲೆನೋವು ಬರಬಹುದು, ಕೆಲವರಿಗೆ ಒಂದು ಪಕ್ಕ ಮಾತ್ರ ನೋವು ಹೋಗಬಹುದು ಅಂತ ಓದಿ ಹೇಳಿದರು. ನೋವಿನ ಮಧ್ಯೆ ಸಹಿ ಹಾಕಿದೆ. ಜ್ವರದ ಮಾತು ಅದರಲ್ಲಿ ಇರಲಿಲ್ಲ. ಇದನ್ನು ಆಮೇಲೆ ಆ ಕಾಗದವನ್ನೇ ತರಿಸಿ ಓದಿ ಖಚಿತ ಮಾಡಿಕೊಂಡಿದ್ದೇನೆ.

ಮಂಚದ ಅಂಚಿಗೆ ಕೂರಿಸಿ, ತಲೆದಿಂಬು ಅಪ್ಪಿಕೊಂಡು ಬೆನ್ನು ಬಾಗಿಸಿ ಅಂದರು. ಒಂಬತ್ತು ತಿಂಗಳ ಹೊಟ್ಟೆ ಇಟ್ಟುಕೊಂಡು ಬಾಗುವುದು ಸುಲಭ ಅಲ್ಲ. ಸಿಸ್ಟರ್ ಎದುರು ನಿಂತು ನನ್ನ ಭುಜ ಹಿಡಿದಿದ್ದರು. ಬೆನ್ನಿಗೆ ತಣ್ಣಗೆ ಔಷಧಿ ಸವರಿದರು. ಮೊದಲು ಚರ್ಮ ಮರಗಟ್ಟಿಸುವ ಚಿಕ್ಕ ಇಂಜೆಕ್ಷನ್, ಅದೊಂದೇ ಚುರ್ ಅಂದಿದ್ದು. ಆಮೇಲಿನ ದೊಡ್ಡ ಸೂಜಿ ಒತ್ತಿದ ಹಾಗೆ ಮಾತ್ರ ಅನ್ನಿಸಿತು. ನೋವು ಬಂದಾಗ ಹೇಳಿ, ನಿಲ್ಲಿಸ್ತೀನಿ ಅಂದಿದ್ದರು, ಹಾಗೇ ಎರಡು ಸಲ ನಿಲ್ಲಿಸಿದರು. ಸೊಂಟದ ಮೂರನೇ ಮತ್ತು ನಾಲ್ಕನೇ ಮೂಳೆಯ ನಡುವಿನ ಸಂದಿಯಲ್ಲಿ ಸೂಜಿ ಹೋಗುತ್ತೆ. ಸಿರಿಂಜ್‌ನಲ್ಲಿ ಸಲೈನ್ ತುಂಬಿ ಒತ್ತುತ್ತಾ ಹೋಗುತ್ತಾರೆ. ಸರಿಯಾದ ಜಾಗ ಸಿಕ್ಕಾಗ ಅಲ್ಲಿಯವರೆಗೆ ಗಟ್ಟಿಯಾಗಿದ್ದ ಸಿರಿಂಜ್ ಒಮ್ಮೆಲೇ ಸಡಿಲ ಆಗುತ್ತಂತೆ. ಆಗ ದಾರದಷ್ಟು ತೆಳು ನಳಿಕೆಯನ್ನು ಒಳಗೆ ಬಿಟ್ಟು ಸೂಜಿ ಹೊರಗೆ ತೆಗೆಯುತ್ತಾರೆ. ಬೆನ್ನಲ್ಲಿ ಉಳಿಯುವುದು ಸೂಜಿ ಅಲ್ಲ, ಆ ಮೆತ್ತನೆಯ ನಳಿಕೆ. ಎಷ್ಟೋ ಜನ ಸೂಜಿಯೇ ಇರುತ್ತೆ ಅಂದುಕೊಂಡು ಅಲ್ಲಾಡಲು ಹೆದರುತ್ತಾರೆ. ನಾನೂ ಹೆದರಿದ್ದೆ.

ಮೊದಲು ಒಂದು ಚಿಕ್ಕ ಪರೀಕ್ಷಾ ಡೋಸ್ ಕೊಟ್ಟು "ಎದೆ ಡವಗುಟ್ಟುತ್ತಾ? ಬಾಯಲ್ಲಿ ಲೋಹದ ರುಚಿ ಬರುತ್ತಾ? ಕಾಲು ಭಾರ ಆಯ್ತಾ?" ಅಂತ ಕೇಳಿದರು. ನಳಿಕೆ ರಕ್ತನಾಳಕ್ಕೋ ಇನ್ನೂ ಒಳಗಿನ ಪೊರೆಗೋ ಹೋಗಿಲ್ಲ ಅಂತ ಖಚಿತ ಮಾಡಿಕೊಳ್ಳಲು. ಆಮೇಲೆ ಪಂಪ್ ಜೋಡಿಸಿದರು. ಸಿರಿಂಜ್ ಮೇಲಿನ ಚೀಟಿ ಓದಿದೆ, ಅಭ್ಯಾಸ ಬಲ. ಮರಗಟ್ಟಿಸುವ ಔಷಧಿ ಬುಪಿವಕೇನ್ 0.1 ಪರ್ಸೆಂಟ್, ಜೊತೆಗೆ ಒಂದು ಎಂಎಲ್‌ಗೆ 2 ಮೈಕ್ರೋಗ್ರಾಂ ಫೆಂಟನಿಲ್ ಅನ್ನುವ ನೋವಿನ ಔಷಧಿ. ಗಂಟೆಗೆ 8 ಎಂಎಲ್‌ನಂತೆ ಒಂದೇ ಸಮ ಹೋಗುತ್ತಿತ್ತು. ಐದೈದು ನಿಮಿಷಕ್ಕೆ ಬಿಪಿ ನೋಡಿದರು. ಸ್ಪಿರಿಟ್ ಹತ್ತಿ ಹೊಟ್ಟೆಗೂ ತೊಡೆಗೂ ಮುಟ್ಟಿಸಿ "ತಣ್ಣಗೆ ಗೊತ್ತಾಗುತ್ತಾ?" ಅಂತ ಕೇಳುತ್ತಾ ಹೋದರು. ಇಪ್ಪತ್ತು ನಿಮಿಷದಲ್ಲಿ ನೋವು ಹೋಯ್ತು. ಪೂರ್ತಿ ಮರಗಟ್ಟಲಿಲ್ಲ, ಹೊಟ್ಟೆ ಗಟ್ಟಿಯಾಗುವುದು ತಿಳಿಯುತ್ತಿತ್ತು, ಕಾಲು ಅಲ್ಲಾಡಿಸಲು ಆಗುತ್ತಿತ್ತು, ಆದರೆ ಆ ಹಿಂಡುವ ನೋವು ಇರಲಿಲ್ಲ. ನಾನು ಅತ್ತುಬಿಟ್ಟೆ. ಅಮ್ಮ ಹಣೆ ಒರೆಸಿ "ಮಲಕ್ಕೋ ಮಗಳೇ" ಅಂದಳು. ಎರಡು ಗಂಟೆ ನಿದ್ದೆ ಮಾಡಿದೆ. ಅಷ್ಟು ಒಳ್ಳೆಯ ನಿದ್ದೆ ಅದಕ್ಕೂ ಮೊದಲಿನ ಒಂದು ತಿಂಗಳಲ್ಲಿ ಬಂದಿರಲಿಲ್ಲ.

ಐದೂವರೆಯ 99.6 ಯಾರಿಗೂ ದೊಡ್ಡದು ಅನ್ನಿಸಲಿಲ್ಲ. ಏಪ್ರಿಲ್ ಸೆಕೆ, ಕೋಣೆಯಲ್ಲಿ ಫ್ಯಾನ್ ಮಾತ್ರ. ಆರೂವರೆಗೆ ಹಲ್ಲು ಕಟಕಟ ಅನ್ನುವಷ್ಟು ನಡುಕ ಬಂತು. ಎಪಿಡ್ಯೂರಲ್‌ನಲ್ಲಿ ಸುಮ್ನೆ ನಡುಕ ಬರುವುದೂ ಇದೆ, ಅದಕ್ಕೇ ಇರಬೇಕು ಅಂದರು. ಏಳಕ್ಕೆ 100.8. ಅರ್ಧ ಗಂಟೆ ಬಿಟ್ಟು ನೋಡಿದಾಗ 101.2. ಹೊಟ್ಟೆಗೆ ಕಟ್ಟಿದ್ದ ಬೆಲ್ಟ್‌ನಲ್ಲಿ ಮಗುವಿನ ಎದೆಬಡಿತ ಮಧ್ಯಾಹ್ನವೆಲ್ಲ 140 ಆಸುಪಾಸು ಇದ್ದಿದ್ದು 175ಕ್ಕೆ ಹೋಗಿತ್ತು. 160 ದಾಟಬಾರದು ಅಂತ ನನಗೂ ಗೊತ್ತು.

ಅಮ್ಮನ ವಿಷಯ ಇಲ್ಲಿ ಹೇಳಬೇಕು. ಅವಳ ಅಕ್ಕ, ನನ್ನ ದೊಡ್ಡಮ್ಮ, ಊರಲ್ಲಿ ಮನೆಯಲ್ಲೇ ಹೆತ್ತು ಆರನೇ ದಿನಕ್ಕೆ ಜ್ವರದಲ್ಲಿ ತೀರಿಕೊಂಡರು. ಮನೆಯಲ್ಲಿ ಅದನ್ನು ಬಾಣಂತಿ ಸನ್ನಿ ಅನ್ನುತ್ತಿದ್ದರು. ಆಗ ಅಮ್ಮನಿಗೆ ಹದಿಮೂರು ವರ್ಷ, ಒದ್ದೆ ಬಟ್ಟೆ ಹಾಕುತ್ತಾ ಪಕ್ಕದಲ್ಲಿ ಕೂತವಳು ಅವಳೇ. ಹೆರಿಗೆ, ಜ್ವರ ಅನ್ನುವ ಎರಡು ಪದ ಒಟ್ಟಿಗೆ ಬಂದರೆ ಅವಳಿಗೆ ಬೇರೆ ಅರ್ಥವೇ ಇಲ್ಲ. ಆ ರಾತ್ರಿ ಅವಳು ಮಾತೇ ಆಡಲಿಲ್ಲ. ನನ್ನ ಕಾಲು ಹಿಡಿದುಕೊಂಡು ನಿಂತಿದ್ದಳು, ಮತ್ತು ನನ್ನ ಕಾಲಿಗೆ ಆ ಹಿಡಿತ ಸರಿಯಾಗಿ ತಿಳಿಯುತ್ತಲೂ ಇರಲಿಲ್ಲ.

ಸಿಸ್ಟರ್ ಹೇಳಿದ್ದು ಒಂದು, ಡ್ಯೂಟಿ ಡಾಕ್ಟರ್ ಹೇಳಿದ್ದು ಇನ್ನೊಂದು. "ಎಪಿಡ್ಯೂರಲ್ ಹಾಕಿದ್ರೆ ಜ್ವರ ಮಾಮೂಲಿ ಅಮ್ಮ, ಹೆದರ್ಬೇಡಿ" ಅಂತ ಸಿಸ್ಟರ್. ಹತ್ತು ನಿಮಿಷಕ್ಕೆ ಡಾಕ್ಟರ್ ಬಂದು "ಗರ್ಭದೊಳಗೆ ಇನ್ಫೆಕ್ಷನ್ ಇರಬಹುದು, ಆಂಟಿಬಯೋಟಿಕ್ ಶುರು ಮಾಡ್ತಿದ್ದೀವಿ" ಅಂದರು. ಯಾವುದು ನಿಜ? ಕೇಳಿದೆ. "ಈಗ ಅದೆಲ್ಲ ಯೋಚನೆ ಮಾಡಬೇಡಿ" ಅಂತ ಉತ್ತರ ಬಂತು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ನನ್ನ ಚಿಕಿತ್ಸೆಯಲ್ಲಿ ಅವರು ತಪ್ಪು ಮಾಡಲಿಲ್ಲ. ಆದರೆ ಹಾಗೆ ಹೇಳಿ ಹೋಗಿದ್ದು ತಪ್ಪು. ಆ ಹೊತ್ತಿನಲ್ಲಿ ಯೋಚನೆ ಬಿಟ್ಟು ಬೇರೇನು ಮಾಡಲು ಆಗುತ್ತೆ?

ರಕ್ತ ತೆಗೆದುಕೊಂಡು ಹೋದರು. ಬಿಳಿ ರಕ್ತಕಣ 18,000 ಬಂತು. ಬೇರೆ ದಿನ ಆಗಿದ್ದರೆ ಇನ್ಫೆಕ್ಷನ್ ಅಂತಲೇ ನಾನೂ ಹೇಳುತ್ತಿದ್ದೆ. ಆದರೆ ಹೆರಿಗೆ ನೋವಿನಲ್ಲಿ ಇರುವವರಿಗೆ ಇನ್ಫೆಕ್ಷನ್ ಇಲ್ಲದೆಯೂ ಕಣ ಏರುತ್ತೆ, ಉರಿಯೂತ ತೋರಿಸುವ ಸಿಆರ್‌ಪಿಯೂ ಏರುತ್ತೆ. ಇನ್ನೊಂದು ಕಡೆ, ನೀರು ಹೋಗಿ ಹದಿನೆಂಟು ಗಂಟೆ ಹತ್ತಿರ ಬರುತ್ತಿತ್ತು. ಅಷ್ಟು ಹೊತ್ತಾದರೆ ಸೋಂಕಿನ ಭಯ ನಿಜವಾಗಿಯೂ ಹೆಚ್ಚು. ಒಳಪರೀಕ್ಷೆಯೂ ನಾಲ್ಕೈದು ಸಲ ಆಗಿತ್ತು. ಅಂದರೆ ಮಂಚದ ಪಕ್ಕ ನಿಂತು ಇದು ಸೋಂಕಿನ ಜ್ವರವಾ, ಎಪಿಡ್ಯೂರಲ್ ಜ್ವರವಾ ಅಂತ ಹೇಳುವ ಪರೀಕ್ಷೆಯೇ ಇಲ್ಲ. ಎರಡೂ ಒಂದೇ ಥರ ಕಾಣುತ್ತವೆ. ಸೋಂಕಾಗಿದ್ದು ಬಿಟ್ಟರೆ ತಾಯಿ ಮಗು ಇಬ್ಬರಿಗೂ ಅಪಾಯ, ಆದ್ದರಿಂದ ಸೋಂಕು ಅಂತಲೇ ತಿಳಿದು ಔಷಧಿ ಕೊಡುತ್ತಾರೆ. ಆಂಪಿಸಿಲಿನ್, ಜೆಂಟಾಮೈಸಿನ್ ಎರಡನ್ನೂ ಹಾಕಿದರು, ಜೊತೆಗೆ ಪ್ಯಾರಸಿಟಮಾಲ್, ಸಲೈನ್. ಅಮ್ಮನ ಕೈಗೆ ಒದ್ದೆ ಬಟ್ಟೆ ಕೊಟ್ಟು ಕತ್ತು, ಕಂಕುಳು ಒರೆಸಿ ಅಂದರು. ಮತ್ತೆ ಒದ್ದೆ ಬಟ್ಟೆ. ಅವಳ ಕೈ ನಡುಗುತ್ತಿತ್ತು.

ಸಿಸ್ಟರ್ ಹೇಳಿದ್ದೂ ಸರಿ, ಡಾಕ್ಟರ್ ಹೇಳಿದ್ದೂ ಸರಿ. ಎರಡನ್ನೂ ಸೇರಿಸಿ ಹೇಳುವವರು ಇರಲಿಲ್ಲ, ಅಷ್ಟೆ.

ಎಂಟೂಕಾಲಿಗೆ ಗರ್ಭದ ಬಾಯಿ ಪೂರ್ತಿ ತೆರೆಯಿತು. ಮುಕ್ಕುವುದು ಕಷ್ಟವಾಯ್ತು, ಯಾವಾಗ ಮುಕ್ಕಬೇಕು ಅಂತ ಮೈ ಸರಿಯಾಗಿ ಹೇಳುತ್ತಿರಲಿಲ್ಲ, ಸಿಸ್ಟರ್ ಹೊಟ್ಟೆ ಮೇಲೆ ಕೈಯಿಟ್ಟು "ಈಗ ಬಂತು, ಈಗ" ಅಂತ ಹೇಳಿಕೊಟ್ಟರು. ಎಪಿಡ್ಯೂರಲ್ ಇದ್ದರೆ ಈ ಹಂತ ಸ್ವಲ್ಪ ಉದ್ದ ಆಗುತ್ತೆ. ಜ್ವರ, ಸುಸ್ತು, ಮಗುವಿನ ಎದೆಬಡಿತ ಎಲ್ಲ ನೋಡಿ ಕೊನೆಗೆ ವ್ಯಾಕ್ಯೂಮ್, ಅಂದರೆ ಮಗುವಿನ ತಲೆಗೆ ಕಪ್ ಅಂಟಿಸಿ ಎಳೆಯುವ ಸಾಧನ ಹಾಕಿದರು. 9 ಗಂಟೆ 50 ನಿಮಿಷಕ್ಕೆ ಮಗ ಹುಟ್ಟಿದ. 2.9 ಕೆಜಿ. ಅತ್ತ. ಎದೆಯ ಮೇಲೆ ಅರೆ ನಿಮಿಷ ಇಟ್ಟರೋ ಇಲ್ಲವೋ, ಮಕ್ಕಳ ಡಾಕ್ಟರ್ ಎತ್ತಿಕೊಂಡು ಎನ್‌ಐಸಿಯುಗೆ, ಅಂದರೆ ಹುಟ್ಟಿದ ಮಕ್ಕಳ ತೀವ್ರ ನಿಗಾ ಘಟಕಕ್ಕೆ ಹೋದರು.

ಅಲ್ಲಿಂದ ಮುಂದಿನ 48 ಗಂಟೆ ನನಗೆ ಹೆರಿಗೆ ನೋವಿಗಿಂತ ಕಷ್ಟ. ಮಗುವಿನ ರಕ್ತ ಕಲ್ಚರ್‌ಗೆ ಹಾಕಿದ್ದರು. ಬ್ಯಾಕ್ಟೀರಿಯಾ ಬೆಳೆಯುತ್ತಾ ಇಲ್ಲವಾ ಅಂತ ನೋಡಲು ಎರಡು ದಿನವಾದರೂ ಕಾಯಬೇಕು. ಅದೇ ಬಾಟಲಿಗಳನ್ನು ನಾನು ಎಷ್ಟು ವರ್ಷ ಕೈಯಲ್ಲಿ ಹಿಡಿದಿದ್ದೇನೆ, ಚೀಟಿ ಅಂಟಿಸಿ ಒಳಗಿಟ್ಟು ಮನೆಗೆ ಹೋಗಿದ್ದೇನೆ. ಆ ಎರಡು ದಿನ ಒಬ್ಬ ತಾಯಿ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾಳೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಮಗು ಚೆನ್ನಾಗಿ ಉಸಿರಾಡುತ್ತಿತ್ತು, ಹಾಲು ಚೀಪುತ್ತಿತ್ತು. ಎರಡೂವರೆ ಗಂಟೆಗೊಮ್ಮೆ ಹೊಲಿಗೆ ಹಿಡಿದುಕೊಂಡು ಹೋಗಿ ಹಾಲು ಕುಡಿಸಿ ಬರುತ್ತಿದ್ದೆ. ಆ ಪುಟ್ಟ ಕೈಯಲ್ಲಿ ಸೂಜಿ, ಅದಕ್ಕೆ ಕಟ್ಟಿದ ಚಿಕ್ಕ ಹಲಗೆ. ನನ್ನ ಜ್ವರ ಬೆಳಗಾಗುವಷ್ಟರಲ್ಲಿ ಇಳಿದೇ ಹೋಗಿತ್ತು, ಮತ್ತೆ ಬರಲಿಲ್ಲ. ಮೂರನೇ ದಿನ ರಿಪೋರ್ಟ್ ಬಂತು, ಏನೂ ಬೆಳೆದಿಲ್ಲ. ಮಗುವಿನ ಆಂಟಿಬಯೋಟಿಕ್ ನಿಲ್ಲಿಸಿ ನನ್ನ ಪಕ್ಕಕ್ಕೆ ತಂದು ಮಲಗಿಸಿದರು.

ಮನೆಗೆ ಬಂದಮೇಲೆ ಮಾತು ಶುರುವಾಯ್ತು. ಬೆನ್ನಿಗೆ ಚುಚ್ಚಿಸಿಕೊಂಡಿದ್ದಕ್ಕೇ ಮಗುವಿಗೆ ಹೀಗಾಯ್ತು ಅಂತ ನೋಡಲು ಬಂದವರೆಲ್ಲ ಹೇಳುವವರೇ. ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಬಾಣಂತಿ ಕೋಣೆಯಲ್ಲಿ ಕೂತಿದ್ದರೂ ಆ ಮಾತು ಕೇಳಿಸುತ್ತಿತ್ತು. ಮಗು ಮಲಗಿದಾಗಲೆಲ್ಲ ಫೋನ್‌ನಲ್ಲಿ ಓದಲು ಶುರು ಮಾಡಿದೆ.

ಇದು ಹೊಸ ವಿಷಯವೇ ಅಲ್ಲ. ಎಪಿಡ್ಯೂರಲ್ ತಗೊಂಡ ಹೆಂಗಸರ ಮೈ ಬಿಸಿ ಗಂಟೆ ಕಳೆದಂತೆ ಏರುತ್ತೆ ಅಂತ ಇಂಗ್ಲೆಂಡಿನ ಡಾಕ್ಟರುಗಳು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದು 1989ರಲ್ಲಿ. ನಾನು ಹುಟ್ಟುವುದಕ್ಕೂ ಮೊದಲು! ಸುಮಾರು ಐದರಲ್ಲಿ ಒಬ್ಬರಿಗೆ 100.4 ಡಿಗ್ರಿ, ಅಂದರೆ 38 ಸೆಲ್ಸಿಯಸ್ ದಾಟುತ್ತೆ. ಹಾಕಿ ನಾಲ್ಕಾರು ಗಂಟೆ ಆದಮೇಲೆ ಏರುವುದು ಜಾಸ್ತಿ, ಚೊಚ್ಚಲ ಹೆರಿಗೆಯವರಲ್ಲಿ ಜಾಸ್ತಿ. ನನಗೆ ಸರಿಯಾಗಿ ಆರು ಗಂಟೆ ಆಗಿತ್ತು. ನೋವು ಉದ್ದ ಎಳೆದವರೇ ಎಪಿಡ್ಯೂರಲ್ ಕೇಳುತ್ತಾರೆ, ಜ್ವರವೂ ಅವರಿಗೇ ಬರುತ್ತೆ, ಅದಕ್ಕೆ ಹಾಗೆ ಕಾಣುತ್ತೆ ಅಂತ ವಾದ ಇತ್ತು. ಆದರೆ ಚೀಟಿ ಎತ್ತಿದ ಹಾಗೆ ಹೆಂಗಸರನ್ನು ಎರಡು ಗುಂಪು ಮಾಡಿ ನೋಡಿದಾಗಲೂ ಎಪಿಡ್ಯೂರಲ್ ಗುಂಪಿನಲ್ಲೇ ಜ್ವರ ಹೆಚ್ಚು ಬಂತು.

ಕಾರಣ ಏನು ಅಂದರೆ, ಹೆಚ್ಚಿನವರಲ್ಲಿ ಅದು ಬ್ಯಾಕ್ಟೀರಿಯಾ ಇಲ್ಲದ ಉರಿಯೂತ. ಇಂಟರ್‌ಲ್ಯೂಕಿನ್-6 ಅನ್ನುವ ವಸ್ತು ರಕ್ತದಲ್ಲಿ ಏರುತ್ತೆ, ಅದು ಮೆದುಳಿಗೆ ಮೈ ಬಿಸಿ ಮಾಡು ಅಂತ ಹೇಳುತ್ತೆ. ಮರಗಟ್ಟಿದ ಭಾಗ ಸರಿಯಾಗಿ ಬೆವರುವುದಿಲ್ಲ ಅನ್ನುವುದೂ ಸ್ವಲ್ಪ ಸೇರಿರಬಹುದು. ಸೋಂಕಲ್ಲ ಅನ್ನುವುದಕ್ಕೆ ಒಂದು ಪುರಾವೆ, ಮೊದಲೇ ಆಂಟಿಬಯೋಟಿಕ್ ಕೊಟ್ಟು ನೋಡಿದರೂ ಈ ಜ್ವರ ಕಡಿಮೆ ಆಗಲಿಲ್ಲ. ಮೊದಲೇ ಪ್ಯಾರಸಿಟಮಾಲ್ ಕೊಟ್ಟರೂ ತಡೆಯಲು ಆಗಲಿಲ್ಲ. ಜಾಸ್ತಿ ಡೋಸ್ ಸ್ಟೀರಾಯ್ಡ್ ಕೊಟ್ಟರೆ ಜ್ವರ ಕಡಿಮೆಯಾಯ್ತು, ಆದರೆ ಮಕ್ಕಳ ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಗುವುದು ಹೆಚ್ಚಾಯ್ತು, ಅದಕ್ಕೆ ಆ ದಾರಿ ಬಿಟ್ಟರು. ಹಾಗಂತ ಎಪಿಡ್ಯೂರಲ್ ಜ್ವರ ತಾನೇ ಅಂತ ಸುಮ್ಮನೆ ಬಿಡುವ ಹಾಗೂ ಇಲ್ಲ. ಯಾವ ಕಾರಣಕ್ಕೆ ಬಂದರೂ ತಾಯಿಯ ಮೈ ತುಂಬಾ ಬಿಸಿಯಾದರೆ ಒಳಗಿರುವ ಮಗುವಿಗೆ ಒಳ್ಳೆಯದಲ್ಲ.

ಇದೆಲ್ಲ ಓದಿ ಮುಗಿಸಿದಾಗ ನನಗೆ ಎಪಿಡ್ಯೂರಲ್ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದು ಹೇಳದೇ ಇದ್ದಿದ್ದಕ್ಕೆ. ನೂರರಲ್ಲಿ ಒಬ್ಬರಿಗೆ ಬರುವ ತಲೆನೋವು ಹೇಳಿದರು, ಐದರಲ್ಲಿ ಒಬ್ಬರಿಗೆ ಬರುವ ಜ್ವರ ಹೇಳಲಿಲ್ಲ. "ಜ್ವರ ಬರಬಹುದು. ಬಂದರೆ ಸೋಂಕು ಹೌದಾ ಅಲ್ವಾ ಅಂತ ಆಗಲೇ ಗೊತ್ತಾಗಲ್ಲ, ಅದಕ್ಕೆ ಇಬ್ಬರಿಗೂ ಔಷಧಿ ಕೊಡ್ತೀವಿ, ಮಗುವನ್ನು ಎರಡು ದಿನ ಒಳಗೆ ಇಟ್ಟುಕೊಳ್ಳಬಹುದು." ಇಷ್ಟೇ. ಅರ್ಧ ನಿಮಿಷದ ಮಾತು. ಇದನ್ನು ಎಂಟನೇ ತಿಂಗಳಲ್ಲಿ, ಅಮ್ಮನೂ ಪಕ್ಕದಲ್ಲಿ ಕೂತಿದ್ದಾಗ ಹೇಳಿದ್ದರೆ ಅವಳು ಆ ರಾತ್ರಿ ದೊಡ್ಡಮ್ಮನ ಸಾವನ್ನು ಇನ್ನೊಮ್ಮೆ ನೋಡಬೇಕಾಗಿರಲಿಲ್ಲ.

ಎರಡನೇ ಹೆರಿಗೆ 2025ರ ಜನವರಿಯಲ್ಲಿ, ಮೈಸೂರಿನಲ್ಲೇ, ಬೇರೆ ಆಸ್ಪತ್ರೆ. ಒಂಬತ್ತನೇ ತಿಂಗಳು ಬಿದ್ದ ಕೂಡಲೇ ಅಮ್ಮನನ್ನು ಕರೆದುಕೊಂಡು ಅರಿವಳಿಕೆ ಡಾಕ್ಟರ್ ಹತ್ತಿರ ಹೋದೆ. ಹಳೇ ಫೈಲ್ ಮುಂದಿಟ್ಟೆ. ಅವರು ಪೂರ್ತಿ ಓದಿದರು. ಮತ್ತೆ ಜ್ವರ ಬರುತ್ತಾ ಅಂತ ಕೇಳಿದೆ. ಬರಬಹುದು, ಆದರೆ ಎರಡನೇ ಹೆರಿಗೆ ಬೇಗ ಆಗುತ್ತೆ, ಎಪಿಡ್ಯೂರಲ್ ಕಡಿಮೆ ಹೊತ್ತು ಇರುತ್ತೆ, ಹಾಗಾಗಿ ಸಾಧ್ಯತೆ ಕಡಿಮೆ ಅಂದರು. ಅವರಲ್ಲಿದ್ದ ಪಂಪ್ ಬೇರೆ ಥರ. ಒಂದೇ ಸಮ ಹನಿಸುವ ಬದಲು ಇಷ್ಟಿಷ್ಟು ಹೊತ್ತಿಗೆ ಒಂದೊಂದು ಡೋಸ್ ತಾನೇ ಕೊಡುತ್ತೆ, ನೋವು ಜಾಸ್ತಿಯಾದರೆ ನಾವೂ ಗುಂಡಿ ಒತ್ತಬಹುದು. ಔಷಧಿ ಒಟ್ಟು ಕಡಿಮೆ ಸಾಕಾಗುತ್ತೆ. ಇದರಲ್ಲಿ ಜ್ವರ ಕಡಿಮೆ ಅಂತ ಕೆಲವು ಅಧ್ಯಯನ ಹೇಳುತ್ತವೆ, ಎಲ್ಲವೂ ಹೇಳುವುದಿಲ್ಲ, ಮಾತು ಕೊಡಲು ಆಗಲ್ಲ ಅಂತ ನೇರವಾಗಿ ಹೇಳಿದರು. ಹಾಗೆ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ಆಮೇಲೆ ಅಮ್ಮನ ಕಡೆ ತಿರುಗಿ "ಈ ಜ್ವರ ನಿಮ್ಮ ಅಕ್ಕನಿಗೆ ಬಂದ ಜ್ವರ ಅಲ್ಲಮ್ಮ. ಅದೇ ಆಗಿದ್ರೂ ಈಗ ಔಷಧಿ ಇದೆ, ನಾವು ಪಕ್ಕದಲ್ಲೇ ಇರ್ತೀವಿ" ಅಂದರು. ಅಮ್ಮ ಆ ದಿನ ಬಸ್ಸಿನಲ್ಲಿ ದೊಡ್ಡಮ್ಮನ ಬಗ್ಗೆ ಮಾತಾಡಿದಳು, ಅವರ ಜಡೆ ಎಷ್ಟು ಉದ್ದ ಇತ್ತು, ಹೇಗೆ ಹಾಡುತ್ತಿದ್ದರು ಅಂತ. ಅಲ್ಲಿಯವರೆಗೆ ನನಗೆ ಅವರ ಸಾವು ಮಾತ್ರ ಗೊತ್ತಿತ್ತು.

ಹೆರಿಗೆ ದಿನ ಗಂಟೆಗೊಮ್ಮೆ ಟೆಂಪರೇಚರ್ ನೋಡಿ ಅಂತ ಕೇಳಿಕೊಂಡಿದ್ದೆ, ನೋಡಿದರು. ಪ್ರತಿ ಸಲ ಅಮ್ಮ ಎದ್ದು ಹೋಗಿ ಸಿಸ್ಟರ್ ಹತ್ತಿರ ಎಷ್ಟು ಅಂತ ಕೇಳಿ, ಕೈಚೀಲದಿಂದ ಔಷಧಿ ಅಂಗಡಿಯ ಬಿಲ್ ತೆಗೆದು ಅದರ ಹಿಂದೆ ಬರೆದುಕೊಳ್ಳುತ್ತಿದ್ದಳು. ಆ ಬಿಲ್ ಈಗಲೂ ನನ್ನ ಫೈಲಿನಲ್ಲಿದೆ. ಸಂಜೆ 4 - 98.4. 5 - 98.4. 6 - 98.8. 7 - 99. 8 - 99.2. ಅದರ ಕೆಳಗೆ, 8.40ರ ಎದುರು, ಡಿಗ್ರಿ ಬರೆಯುವ ಜಾಗದಲ್ಲಿ "ಹೆಣ್ಣು ಮಗು" ಅಂತ ಬರೆದಿದ್ದಾಳೆ.